ಗೇರ್‌ಬಾಕ್ಸ್ ಬದಲಿಸುವ ಮುನ್ನ ಸೋರಿಕೆ ನೋಡಿ

ಮಾನ್ಯ ಸಂಪಾದಕರೇ,

15 ವರ್ಷ ಹಳೆಯದಾದ ನಮ್ಮ ಆಟೋಮ್ಯಾಟಿಕ್ ಕಾರು ಕಳೆದ ತಿಂಗಳು ಉಣಕಲ್ ಬಳಿ ಸಿಗ್ನಲ್ ಬಿಟ್ಟಾಗ, ಎಂಜಿನ್ ಅಬ್ಬರಿಸಿದರೂ ಮುಂದೆ ಸಾಗದೆ, ಎರಡು ಕ್ಷಣ ತಡೆದು ಧಡಕ್ಕನೆ ಗೇರ್ ಹಿಡಿಯಿತು. ನಗರದ ಗ್ಯಾರೇಜೊಂದರಲ್ಲಿ ಕಾರಿನಡಿ ಬಗ್ಗಿಯೂ ನೋಡದೆ, ಇಡೀ ಗೇರ್‌ಬಾಕ್ಸ್ ಬದಲಿಸಬೇಕೆಂದರು. ಮನೆಯಂಗಳದಲ್ಲಿ ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿಟ್ಟೆ. ಬೆಳಿಗ್ಗೆ ಅದರ ಮೇಲೆ ಕುಂಕುಮ ಕದಡಿದಂಥ ಕೆಂಪು ಕಲೆಗಳಿದ್ದವು. ಅದು ಗೇರ್‌ಬಾಕ್ಸಿನ ಆಯಿಲ್. ಸೋರುತ್ತಿದ್ದುದು ಗೇರ್‌ಬಾಕ್ಸ್ ತಳದ ಆಯಿಲ್ ಪ್ಯಾನಿನ ಗ್ಯಾಸ್ಕೆಟ್, ಅಂದರೆ ಸಂದಿನಲ್ಲಿ ಸೋರಿಕೆ ತಡೆಯುವ ಪಟ್ಟಿ. ಅದನ್ನೂ ಫಿಲ್ಟರನ್ನೂ ಬದಲಿಸಿ, ಕಾರಿನ ಕೈಪಿಡಿಯಲ್ಲಿ ಹೇಳಿದ ಆಯಿಲನ್ನೇ ತುಂಬಿದ ಮೇಲೆ ತೊಂದರೆ ನಿಂತಿತು.

ಇಂಥ ಗೇರ್‌ಬಾಕ್ಸಿನಲ್ಲಿ ಆಯಿಲ್ ಇರುವುದು ಸವೆತ ತಡೆಯಲಿಕ್ಕಷ್ಟೇ ಅಲ್ಲ. ಅದರ ಒತ್ತಡದಿಂದಲೇ ಒಳಗಿನ ಕ್ಲಚ್‌ಗಳು ಹಿಡಿಯುತ್ತವೆ. ಆಯಿಲ್ ಇಳಿದರೆ ಒತ್ತಡ ಕುಸಿದು ಕ್ಲಚ್‌ಗಳು ಜಾರಿ ಕಾದು ಸುಡುತ್ತವೆ. ಅತಿಯಾಗಿ ತುಂಬಿದರೂ ನೊರೆಯೆದ್ದು ಒತ್ತಡ ಕೆಡುತ್ತದೆ. ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಭಾಗ ಸವೆದಿದೆ ಎಂಬ ಅನುಮಾನಕ್ಕೆ ಆಧಾರವಿರುತ್ತದೆ, ನಮ್ಮದು ಹಾಗಿರಲಿಲ್ಲ. ಆದ್ದರಿಂದ ಹುಬ್ಬಳ್ಳಿ-ಧಾರವಾಡದ ಗ್ಯಾರೇಜಿನವರು ಮೊದಲು ಆಯಿಲ್ ಮಟ್ಟ, ಸೀಲುಗಳು ಹಾಗೂ ಕೂಲರ್ ಪೈಪುಗಳನ್ನು ಗ್ರಾಹಕರ ಎದುರಿಗೇ ಪರೀಕ್ಷಿಸಿ, ಬಳಿಕವೇ ಖರ್ಚಿನ ಅಂದಾಜು ಬರೆದುಕೊಡಬೇಕೆಂದು ಕಳಕಳಿಯಿಂದ ಕೋರುತ್ತೇನೆ.

— ಓದುಗ, ವಿದ್ಯಾನಗರ, ಹುಬ್ಬಳ್ಳಿ