ಉಪ್ಪುನೀರಿಗೆ ಇಳಿದ ಚಿಪ್

ನಮ್ಮ ಸಂಘದಲ್ಲಿ ಚಿಪ್ ಕೆಲಸದವರು ಜಾಸ್ತಿ. ನಾಲ್ಕು ಜನ ಸೇರಿದರೆ ಸಾಕು, ಮಾತು ಎಷ್ಟು ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಅನ್ನುವ ಕಡೆಗೇ ಹೊರಳುತ್ತದೆ. ಈ ಸಲ ಚಿಪ್‌ನ ಮೈಮೇಲಿನ ಒಂದೆರಡು ನ್ಯಾನೋಮೀಟರ್ ಬಗ್ಗೆ ಬರೆಯೋಣ ಅನ್ನಿಸಿತು.

ಸಿಲಿಕಾನ್‌ಗೆ ಗಾಳಿ ಸೋಕಿದ್ದೇ ತಡ, ಮೇಲೆ ಆಕ್ಸೈಡಿನ ಪದರ ಕಟ್ಟಿಕೊಳ್ಳುತ್ತದೆ. ದಪ್ಪ ಅಷ್ಟೇ, ಒಂದೆರಡು ನ್ಯಾನೋಮೀಟರ್. ಒಣ ಪೆಟ್ಟಿಗೆಯೊಳಗೆ ಅದರಿಂದ ತೊಂದರೆಯಿಲ್ಲ. ಅದೇ ಚಿಪ್ಪನ್ನು ಸೆನ್ಸರ್ ಮಾಡಿ ದೇಹದೊಳಗೆ ಇಳಿಸಿದರೆ ಕಥೆಯೇ ಬೇರೆ. ಅಲ್ಲಿ 37 ಡಿಗ್ರಿ ಬಿಸಿ, ಉಪ್ಪು, ಪ್ರೋಟೀನು. ಸಿಲಿಕಾನ್ ಮತ್ತು ಆಮ್ಲಜನಕದ ನಡುವಿನ ಬಂಧವನ್ನು ನೀರು ಒಂದೊಂದಾಗಿ ಬಿಡಿಸುತ್ತದೆ. ಆಕ್ಸೈಡ್ ನಿಧಾನಕ್ಕೆ ಸಿಲಿಸಿಕ್ ಆಮ್ಲವಾಗಿ ಕರಗುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಅಯಾನುಗಳು, ಅಂದರೆ ವಿದ್ಯುದಂಶವಿರುವ ಕಣಗಳು, ಒಳಗೆ ನುಸುಳುತ್ತವೆ. ರಕ್ತ ಮೊದಲಿನಂತೆಯೇ ಇದ್ದರೂ ಸೆನ್ಸರ್ ತೋರಿಸುವ ಅಂಕಿ ಜಾರುತ್ತಾ ಹೋಗುತ್ತದೆ. ವೈದ್ಯರು ಯಾವುದನ್ನು ನಂಬಬೇಕು?

ಇದು ಹಳೆಯ ತಲೆನೋವು. 1970ರಲ್ಲಿ ನೆದರ್ಲೆಂಡ್ಸಿನ ಪೀಟ್ ಬರ್ಗ್‌ವೆಲ್ಡ್ ಟ್ರಾನ್ಸಿಸ್ಟರಿನ ಲೋಹದ ಗೇಟ್ (ವಿದ್ಯುತ್ ಹರಿವನ್ನು ಹತೋಟಿಯಲ್ಲಿಡುವ ಭಾಗ) ತೆಗೆದು, ಆ ಜಾಗವನ್ನು ನೇರವಾಗಿ ದ್ರವಕ್ಕೆ ಒಡ್ಡಿದರು. ಅದೇ ಐಸ್‌ಫೆಟ್, ದ್ರವದಲ್ಲಿನ ಅಯಾನುಗಳನ್ನು ಗುರುತಿಸುವ ಟ್ರಾನ್ಸಿಸ್ಟರ್. ಆಗ ದ್ರವಕ್ಕೆ ಎದುರಾದದ್ದು ಬರೀ ಸಿಲಿಕಾನ್ ಡೈಆಕ್ಸೈಡ್. ಆಮೇಲೆ ಸಿಲಿಕಾನ್ ನೈಟ್ರೈಡ್, ಅಲ್ಯೂಮಿನಾ, ಟಾಂಟಲಮ್ ಆಕ್ಸೈಡ್ ಬಂದವು. 25 ಡಿಗ್ರಿಯಲ್ಲಿ ಪಿಎಚ್, ಅಂದರೆ ದ್ರವದ ಹುಳಿಯ ಅಳತೆ, ಒಂದು ಅಂಕ ಬದಲಾದರೆ ಸೆನ್ಸರಿನಿಂದ ಹೆಚ್ಚೆಂದರೆ ಸುಮಾರು 59 ಮಿಲಿವೋಲ್ಟ್ ಸಿಗುತ್ತದೆ. ಟಾಂಟಲಮ್ ಆಕ್ಸೈಡ್ ಅದರ ಹತ್ತಿರಕ್ಕೇ ಬರುತ್ತದೆ, ಜಾರುವುದೂ ಕಡಿಮೆ.

ಇನ್ನು ಅಂಟಿಸುವ ಕೆಲಸ. ಡಿಎನ್‌ಎ ಆಗಲಿ ಆ್ಯಂಟಿಬಾಡಿ ಆಗಲಿ ಚಿಪ್ ಮೇಲೆ ಕೂರಬೇಕಾದರೆ ನಡುವೆ ಸಿಲೇನ್ ಅನ್ನುವ, ಅಂಟಿನಂತೆ ಕೆಲಸ ಮಾಡುವ ಸಿಲಿಕಾನ್ ಸಂಯುಕ್ತವನ್ನು ಬಳಸುವುದು ರೂಢಿ. ಸುಲಭ ನಿಜ. ಆದರೆ ಅಲ್ಲೂ ಇರುವುದು ಅದೇ ಆಮ್ಲಜನಕದ ಬಂಧ, ಬಿಡಿಸುವುದೂ ಅದೇ ನೀರು. ಕೊನೆಗೆ ಅಂಟಿಸಿದ್ದೇ ಕಿತ್ತು ಬರುತ್ತದೆ! ಸಿಲಿಕಾನ್‌ಗೆ ಇಂಗಾಲವನ್ನೇ ನೇರವಾಗಿ ಬೆಸೆದರೆ ಬಾಳಿಕೆ ಜಾಸ್ತಿ. ಅದಕ್ಕೆ ಮೊದಲು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಆಕ್ಸೈಡ್ ತೆಗೆಯಬೇಕು, ಆಮೇಲೆ ಗಾಳಿ ಸೋಕದಂತೆ ಕೆಲಸ ಮುಗಿಸಬೇಕು. ಜನ ಇನ್ನೂ ಸಿಲೇನನ್ನೇ ಹಿಡಿದು ಕೂತಿರುವುದು ಸುಮ್ನೆ ಅಲ್ಲ.

ಬೇರೆ ಅರೆವಾಹಕಗಳೂ ಇವೆ. ಗ್ಯಾಲಿಯಂ ನೈಟ್ರೈಡ್ ಗಟ್ಟಿ ಪಿಂಡ, ಉಪ್ಪುನೀರಿಗೆ ಸುಲಭಕ್ಕೆ ಜಗ್ಗುವುದಿಲ್ಲ. ಗ್ಯಾಲಿಯಂ ಆರ್ಸೆನೈಡ್ ಕರಗಿದರೆ ಆರ್ಸೆನಿಕ್ ಬಿಡುತ್ತದೆ, ಹೊದಿಕೆಯಿಲ್ಲದೆ ಅದನ್ನು ಒಳಗೆ ಬಿಡುವ ಹಾಗಿಲ್ಲ.

ಕರಗುವುದನ್ನೇ ಲಾಭ ಮಾಡಿಕೊಂಡವರೂ ಇದ್ದಾರೆ. 2012ರಲ್ಲಿ ಅಮೆರಿಕದ ಜಾನ್ ರೋಜರ್ಸ್ ತಂಡ ತೆಳು ಸಿಲಿಕಾನ್, ಮೆಗ್ನೀಷಿಯಂ ಮತ್ತು ರೇಷ್ಮೆ ಸೇರಿಸಿ, ಕೆಲಸ ಮುಗಿದ ಮೇಲೆ ದೇಹದಲ್ಲೇ ಕರಗುವ ಸಾಧನ ಮಾಡಿತು. ತೆಗೆಯಲು ಎರಡನೇ ಆಪರೇಷನ್ ಬೇಡ. ನನಗಂತೂ ಇದು ತುಂಬ ಹಿಡಿಸಿತು.

ಹೊಸ ಸೆನ್ಸರ್ ಸುದ್ದಿ ಬಂದಾಗಲೆಲ್ಲ ಎಷ್ಟು ಚಿಕ್ಕದು, ಎಷ್ಟು ಚುರುಕು ಅನ್ನುವುದೇ ತಲೆಬರಹ. ಬೆಚ್ಚಗಿನ ಉಪ್ಪುನೀರಿನಲ್ಲಿ ಎಷ್ಟು ವಾರ ನಿಂತಿತು ಅನ್ನುವ ಸಾಲನ್ನು ಹುಡುಕಬೇಕಾಗುತ್ತದೆ, ಅಲ್ವಾ? ಈ ಕೆಲಸ ಬಲ್ಲ ಸದಸ್ಯರು ಮುಂದಿನ ಸಂಚಿಕೆಗೆ ಬರೆದು ಕಳಿಸಿ. ಎರಡು ಪುಟ ಖಾಲಿ ಇಟ್ಟಿದ್ದೇವೆ.