ಬೆಲ್ಲದ ಗ್ರೂಪಲ್ಲಿ ಎಲ್ಲರೂ ಮಾರುವವರೇ

ಮಾನ್ಯ ಸಂಪಾದಕರೇ,

ಆಲೆಮನೆಯವರು, ಮಂಡ್ಯ ಎಪಿಎಂಸಿ ವರ್ತಕರು, ಮೈಸೂರಿನ ಅಂಗಡಿಯವರು ಸೇರಿಕೊಂಡಿರುವ ವಾಟ್ಸಾಪ್ ಗ್ರೂಪುಗಳು ನಮ್ಮ ಕಡೆ ಬೇಕಾದಷ್ಟಿವೆ. ನಾನೂ ಕೆಲವದರಲ್ಲಿದ್ದೇನೆ. ಬೆಳಗ್ಗೆ ನೋಡಿದರೆ ಹಳದಿ ಅಚ್ಚು ಬೆಲ್ಲದ ಫೋಟೊ, ಕೆಳಗೆ ಮೊಬೈಲ್ ನಂಬರು, 'ನೂರಕ್ಕೆ ನೂರು ಕೆಮಿಕಲ್ ಇಲ್ಲ' ಅನ್ನೋ ಸಾಲು. ಅದರ ಬೆನ್ನಿಗೇ ಇನ್ನೊಬ್ಬರದು. ಯಾರಾದರೂ ಒಂದು ಪ್ರಶ್ನೆ ಕೇಳಿದರೆ ಅದು ಗುಡ್ ಮಾರ್ನಿಂಗ್ ಹೂವುಗಳ ಅಡಿ ಸಿಕ್ಕಿ ಮಾಯ.

ಮೊನ್ನೆ ಮಾತ್ರ ಬೇರೆ ತರ ಆಯ್ತು. ಪಾಂಡವಪುರ ಕಡೆಯವರೊಬ್ಬರು 'ಬೆಲ್ಲ ಅಚ್ಚಲ್ಲಿ ಗಟ್ಟಿ ಆಗ್ತಿಲ್ಲ, ಕೈಗೆ ಅಂಟ್ತಿದೆ' ಅಂತ ಬರೆದು, ಕುಸಿದುಹೋದ ಬೆಲ್ಲದ ಫೋಟೊನೂ ಹಾಕಿದರು. ಕೊಳ್ಳುವವರೇ ನೋಡುತ್ತಿರುವಾಗ ಕೆಟ್ಟ ಮಾಲು ತೋರಿಸೋಕೆ ಗುಂಡಿಗೆ ಬೇಕು. ಕೆ.ಎಂ. ದೊಡ್ಡಿ ಕಡೆಯ ಹಿರಿಯರೊಬ್ಬರು ತಕ್ಷಣ ಉಪದೇಶ ಶುರು ಮಾಡಲಿಲ್ಲ, ಒಂದೊಂದಾಗಿ ಕೇಳುತ್ತಾ ಹೋದರು. ತಳಿ ಯಾವುದು, ಸಿಒ 62175 ಆ, ವಿಸಿಎಫ್ 0517 ಆ? ಕಬ್ಬು ಗಾಳಿಗೆ ಬಿದ್ದಿತ್ತಾ? ಕಬ್ಬಿನ ಹಾಲಿಗೆ ಸುಣ್ಣ ಎಷ್ಟು ಹಾಕ್ತೀರಿ? ಕಡಿದು ಎಷ್ಟು ಹೊತ್ತಿಗೆ ಗಾಣಕ್ಕೆ ಕೊಟ್ರಿ? ಅಲ್ಲಿ ಸಿಕ್ಕಿತು ನೋಡಿ. ಟ್ರ್ಯಾಕ್ಟರ್ ಸಿಗದೆ ಕಡಿದ ಕಬ್ಬು ಎರಡು ದಿನ ಗದ್ದೆಯಲ್ಲೇ ಬಿಸಿಲು ಕಾದಿತ್ತು. ಒಂದು ದಿನದೊಳಗೆ ಅರೆಯದಿದ್ದರೆ ಕಬ್ಬಿನೊಳಗಿನ ಸಕ್ಕರೆ ಒಡೆಯುತ್ತದೆ, ಆಮೇಲೆ ಪಾಕವನ್ನು ಎಷ್ಟೇ ಹದವಾಗಿ ಇಳಿಸಿದರೂ ಬೆಲ್ಲ ಮೆತ್ತಗೇ. ಆ ಹಿರಿಯರು ತಮ್ಮ ಬೆಲ್ಲದ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಈಗ ವರ್ತಕರೇ ಅವರ ನಂಬರು ಕೇಳ್ತಿದ್ದಾರೆ.

ನಂಬಿಕೆ ಕೆಡಿಸ್ತಿರೋದು ಮುಖ್ಯವಾಗಿ ಬಣ್ಣ. ಕಬ್ಬಿನ ಹಾಲಿಗೆ ಬೆಂಡೆ ಗಿಡದ ಲೋಳೆ ಹಾಕಿ ಕಾಯಿಸಿದರೆ ಕೊಳೆಯೆಲ್ಲ ನೊರೆಯ ಜೊತೆ ಮೇಲೆ ಬರುತ್ತದೆ. ಅದನ್ನು ತೆಗೆದು ಮಾಡಿದ ಬೆಲ್ಲ ಸಾಮಾನ್ಯವಾಗಿ ಕಂದು ಬಣ್ಣಕ್ಕೇ ಇರುತ್ತದೆ. ಹೈಡ್ರೋಸ್ ಅನ್ನೋ ಬಣ್ಣ ತಿಳಿ ಮಾಡುವ ಕೆಮಿಕಲ್ ಸುರಿದರೆ ಹೊಳೆಯುವ ಹಳದಿ. ಅದರಿಂದ ಬೆಲ್ಲದಲ್ಲಿ ಉಳಿಯುವ ಸಲ್ಫರ್ ಡೈಆಕ್ಸೈಡ್ ಕೆಜಿಗೆ 70 ಮಿಲಿಗ್ರಾಂ ದಾಟಬಾರದು ಅಂತ ನಿಯಮವಿದೆ. ಈ ಮಾತು ಎತ್ತಿದರೆ ಗ್ರೂಪೇ ಗಪ್‌ಚುಪ್. ಆಲೆಮನೆಯವರನ್ನಷ್ಟೇ ಬೈದು ಏನು ಪ್ರಯೋಜನ, ಹಳದಿ ಬೆಲ್ಲಕ್ಕೇ ಜಾಸ್ತಿ ರೇಟು ಕೂಗೋರು ವರ್ತಕರು, ಅದನ್ನೇ ಆರಿಸಿ ಒಯ್ಯೋರು ಗಿರಾಕಿಗಳು, ಅಲ್ವಾ?

ಅಡ್ಮಿನ್‌ಗಳು ಮನಸ್ಸು ಮಾಡಿದರೆ ಇದು ದೊಡ್ಡ ಕೆಲಸವೇನಲ್ಲ. ಮಾರಾಟದ ಪೋಸ್ಟಿಗೆ ಸಂಜೆ ಒಂದು ಹೊತ್ತು ಗೊತ್ತು ಮಾಡಿ. ಹಾಕುವವರು ಊರು, ತಳಿ, ಕೊಪ್ಪರಿಗೆಗೆ ಏನೇನು ಬಿತ್ತು ಅಂತ ಬರೆಯಲಿ. ಹೈಡ್ರೋಸ್ ಹಾಕಿದ್ದರೆ ಹಾಕಿದೆ ಅನ್ನಲಿ. ಹಾಗೆ ಹೇಳಿದವರ ಮೇಲೆ ಮುಗಿಬೀಳುವವರನ್ನು ಮೊದಲು ಹೊರಗೆ ಹಾಕಿ, ಇಲ್ಲದಿದ್ದರೆ ನಾಳೆ ಯಾರೂ ಬಾಯಿ ಬಿಡಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್‌ನ ವಿಜ್ಞಾನಿಗಳನ್ನೂ ಸೇರಿಸಿಕೊಳ್ಳಿ, ಆದರೆ ಪಿಡಿಎಫ್ ಕಳಿಸಿ ಸುಮ್ಮನಾಗೋದಕ್ಕಲ್ಲ, ಪ್ರಶ್ನೆಗೆ ಉತ್ತರ ಹೇಳೋದಕ್ಕೆ.

ನನ್ನದೂ ಒಂದು ಪ್ರಶ್ನೆ ಬಾಕಿ ಇದೆ. ಮಳೆಗಾಲದಲ್ಲಿ ಬಕೆಟ್ ಅಚ್ಚಿನ ಬೆಲ್ಲ ನೀರೊಡೆಯದ ಹಾಗೆ ನೀವು ಹೇಗೆ ಇಡ್ತೀರಿ? ಪ್ಲಾಸ್ಟಿಕ್ ಸುತ್ತಿದರೆ ಒಳಗೇ ಬೆವರುತ್ತೆ, ಬಿಟ್ಟರೆ ಗಾಳಿಯ ತೇವ ಕುಡಿಯುತ್ತೆ. ಗೊತ್ತಿದ್ದವರು ಇದೇ ಅಂಕಣಕ್ಕೆ ಬರೆದರೂ ಆಯ್ತು.

– ಆಲೆಮನೆ ನಡೆಸುವವ, ಮಂಡ್ಯ ತಾಲ್ಲೂಕು