ಸ್ಕ್ಯಾನ್ ಆದರೆ ಸಾಲದು, ಹುಡುಕಿದರೆ ಸಿಗಬೇಕು

ಮಾನ್ಯರೆ,

ಹಳೆಯ ಕನ್ನಡ ಪುಸ್ತಕಗಳನ್ನು ಡಿಜಿಟಲ್ ಮಾಡುವ ಮಾತು ಬಂದಾಗಲೆಲ್ಲ ಎಷ್ಟು ಪುಟ ಸ್ಕ್ಯಾನ್ ಆಯಿತು ಎಂಬುದೇ ಲೆಕ್ಕ. ಬರೀ ಚಿತ್ರದೊಳಗೆ ಪದ ಹುಡುಕಲು ಬರುವುದಿಲ್ಲ, ಅದಕ್ಕೆ ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ಓಸಿಆರ್ ತಂತ್ರಾಂಶ ಬೇಕು. ಲೋಹದ ಅಚ್ಚುಮೊಳೆ ಜೋಡಿಸಿ ಮುದ್ರಿಸಿದ ಹಳೆಯ ಪುಸ್ತಕವನ್ನು 200 ಡಿಪಿಐನಲ್ಲಿ (ಒಂದು ಅಂಗುಲಕ್ಕೆ 200 ಚುಕ್ಕೆ), ಅದೂ ಬರೀ ಕಪ್ಪು–ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಒತ್ತಕ್ಷರಗಳು ಮಸಿಯ ಚುಕ್ಕೆಗಳಾಗುತ್ತವೆ. ಯಂತ್ರ ‘ಮಠ’ವನ್ನು ‘ವುಠ’ ಎಂದು ಓದಿಬಿಡುತ್ತದೆ. ಆಮೇಲೆ ‘ಮಠ’ ಎಂದು ಎಷ್ಟು ಹುಡುಕಿದರೂ ಆ ಪುಟ ಸಿಕ್ಕೀತೆ? 400 ಡಿಪಿಐ, ಬೂದು ಛಾಯೆ ಇಟ್ಟುಕೊಳ್ಳಬೇಕು. ಫೈಲ್ ದೊಡ್ಡದಾಗುತ್ತದೆ, ನಿಜ. ಮೂಲಪ್ರತಿ ಹಾರ್ಡ್ ಡಿಸ್ಕ್‌ನಲ್ಲಿರಲಿ, ಮೊಬೈಲಿಗೆ ಕಿರಿದಾದ ಪಿಡಿಎಫ್ ಸಾಕು. ಹಾಳೆ ಪುಡಿಯಾಗುತ್ತಿರುವ ಪುಸ್ತಕವನ್ನು ಗಾಜಿನ ಮೇಲೆ ಬೋರಲು ಹಾಕಿ ಒತ್ತಿದರೆ ಬೆನ್ನು ಮುರಿಯುತ್ತದೆ. ‘ವಿ’ ಆಕಾರದ ತೊಟ್ಟಿಲಲ್ಲಿ ಅರೆ ತೆರೆದಿಟ್ಟು ಮೇಲಿನಿಂದ ಕ್ಯಾಮೆರಾ ಹಿಡಿಯುವುದೇ ಸರಿ.

ಪುಸ್ತಕಪಟ್ಟಿಯದು ಬೇರೆಯೇ ಗೋಳು. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಪಟ್ಟಿ ಪರದೆಯ ಮೇಲೆ ಕನ್ನಡ, ಒಳಗೆ ಇಂಗ್ಲಿಷ್ ಸಂಕೇತಗಳ ಕಲಸುಮೇಲೋಗರ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಸಂಕೇತಕ್ಕೆ ಪರಿವರ್ತಿಸಿದ ಮೇಲೂ ತಪ್ಪು ಉಳಿಯಬಹುದು; ಆಚಾರ್ಯ, ಸೂರ್ಯ ಮುಂತಾದ ಅರ್ಕಾವತ್ತಿನ ಹೆಸರುಗಳನ್ನಾದರೂ ಕಣ್ಣಿಟ್ಟು ನೋಡಬೇಕು. ವಚನದ ತಾಡೋಲೆಗಳಿಗಾಗಿ ಊರೂರು ಅಲೆದ ಫ.ಗು. ಹಳಕಟ್ಟಿಯವರ ವಿಜಯಪುರದಲ್ಲಿ ಈ ಕೆಲಸಕ್ಕೆ ಇಬ್ಬರು ಕರಡು ತಿದ್ದುವವರನ್ನು ನೇಮಿಸಲಾಗದೆ?

–ಒಬ್ಬ ಓದುಗ, ವಿಜಯಪುರ